ಪದಚರ್ಚೆ: ‘ಬೇಡದ ಪ್ಯಾಕೆಟ್’ ಸರಿಯಾ?

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಕಾಲೇಜಿನ ಲ್ಯಾಬ್ ಗೋಡೆಗೆ ಕನ್ನಡದಲ್ಲಿ ಬೋರ್ಡ್ ಮಾಡಿಸುತ್ತಿದ್ದೇವೆ. ಫ್ಲೆಕ್ಸ್ ಅಂಗಡಿಯವರು ನಾಳೆ ಬೆಳಗ್ಗೆಯೊಳಗೆ ಮ್ಯಾಟರ್ ಕೇಳಿದ್ದಾರೆ. ಎರಡು ಲಿನಕ್ಸ್ ಕಂಪ್ಯೂಟರ್‌ಗಳನ್ನು ನಡುವೆ ಸ್ವಿಚ್ (ಹಲವು ಕಂಪ್ಯೂಟರ್ ಜೋಡಿಸುವ ಪೆಟ್ಟಿಗೆ) ಇಲ್ಲದೆ ನೇರ ಕೇಬಲ್‌ನಲ್ಲಿ ಸೇರಿಸಿದ್ದೇವೆ. ಮಕ್ಕಳು ಏನೂ ಕಳಿಸದಿದ್ದರೂ, ಕೇಬಲ್ಲಿನಲ್ಲಿ ಹೋಗಿಬರುವುದನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಸಾಲು ಸಾಲಾಗಿ ಪ್ಯಾಕೆಟ್ (ಡೇಟಾದ ತುಣುಕು) ಕಾಣುತ್ತವೆ. ಇವನ್ನು ಏನಂತ ಕರೆಯೋಣ? ‘ಅನಪೇಕ್ಷಿತ’ ಮಕ್ಕಳಿಗೆ ಭಾರವಾಯಿತು. ‘ಬೇಡದ ಪ್ಯಾಕೆಟ್’ ಆಗಬಹುದಾ?

ಸಾಗರದಿಂದ:
‘ಅನಪೇಕ್ಷಿತ’ ಬಿಟ್ಟಿದ್ದು ಒಳ್ಳೇದಾಯಿತು. ‘ಪ್ಯಾಕೆಟ್’ ಯಾಕೆ ಇಟ್ಟುಕೊಂಡಿರಿ? ‘ಪೊಟ್ಟಣ’ ಇದೆಯಲ್ಲ. ಅಂಗಡಿಯಲ್ಲಿ ಕಡಲೆ ಕಟ್ಟಿಕೊಟ್ಟ ಹಾಗೆ ಒಳಗೆ ಸರಕು, ಹೊರಗೆ ಸುತ್ತು. ಇದೂ ಅಷ್ಟೇ ಅಲ್ವಾ? ‘ಬೇಡದ ಪೊಟ್ಟಣ’ ಅನ್ನಿ, ಮುಗಿಯಿತು.

ತೀರ್ಥಹಳ್ಳಿಯಿಂದ:
ಮುಗಿಯಲಿಲ್ಲ. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು: ಪಾಲು ಹಾಲಾಯಿತು, ಪೂ ಹೂವಾಯಿತು. ಪೊಟ್ಟಣ ಮಾತ್ರ ‘ಹೊಟ್ಟಣ’ ಆಗಲಿಲ್ಲ. ಅದೂ ಹೊರಗಿನಿಂದ ಬಂದದ್ದು ಅಂತಲೇ ನನ್ನ ಅನುಮಾನ. ಎರವಲು ಬೇಡ ಅನ್ನುವವರು ಪೋರ್ಚುಗೀಸರ ಚಾವಿ, ಪಾರಸಿಯ ಕಾಗದ ಬಿಟ್ಟು ಒಂದು ದಿನ ಕಳೆಯಲಿ ನೋಡೋಣ. ಪ್ಯಾಕೆಟ್ ಇರಲಿ ಬಿಡಿ.

ನನ್ನ ತಕರಾರು ‘ಬೇಡದ’ ಮೇಲೆ. ‘ಬೇಡ’ದಿಂದ ಬಂದರೆ ನಮಗೆ ಬೇಡವಾದದ್ದು. ‘ಬೇಡು’ವಿನಿಂದ ಬಂದರೆ ನಾವು ಕೇಳದೇ ಇದ್ದದ್ದು. ನಿಮಗೆ ಬೇಕಿರುವುದು ಎರಡನೆಯದು. ಮಕ್ಕಳು ಓದುವುದು ಮೊದಲನೆಯದು. ಓದಿದ ಕೂಡಲೇ ಎಲ್ಲವನ್ನೂ ತಡೆಯಲು ಹೋಗುತ್ತಾರೆ.

ಆ ಸಾಲುಗಳನ್ನೇ ನೋಡಿ. 224.0.0.251 ಅನ್ನುವ ವಿಳಾಸಕ್ಕೆ, 5353ನೇ ಪೋರ್ಟಿಗೆ ಹೋಗುವುದು ಹೆಚ್ಚಾಗಿ ಅವಾಹಿ ಅನ್ನುವ ಪ್ರೋಗ್ರಾಂ ಕೆಲಸ. ಅಕ್ಕಪಕ್ಕದ ಪ್ರಿಂಟರ್ ಇತ್ಯಾದಿ ಹುಡುಕುತ್ತದೆ. ಬೇಡದಿದ್ದರೆ ನಿಲ್ಲಿಸಬಹುದು. 0.0.0.0ಯಿಂದ 255.255.255.255ಕ್ಕೆ ಹೊರಟಿದ್ದು ಡಿಎಚ್‌ಸಿಪಿ. ವಿಳಾಸ ಕೊಡಿ ಅಂತ ಬೇಡುವುದೇ ಅದರ ಕೆಲಸ, ಅದನ್ನೇ ‘ಬೇಡದ’ ಅನ್ನುತ್ತೀರಾ! ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ವಿಳಾಸವನ್ನು ಕೈಯಾರೆ ಕೊಟ್ಟು, ವಿಧಾನ ‘ಮ್ಯಾನುಯಲ್’ ಮಾಡಿದರೆ ಸುಮ್ಮನಾಗುತ್ತದೆ. ಎಫ್‌ಎಫ್02ರಿಂದ ಶುರುವಾಗುವ ವಿಳಾಸಗಳು ಹೊಸ ಬಗೆಯ ವಿಳಾಸಪದ್ಧತಿ ಐಪಿವಿ6ನವು. ಅಲ್ಲಿಗೆ ಹೋಗುವ ಕೆಲವು ಪ್ಯಾಕೆಟ್ ರೂಟರ್ ಇಲ್ಲದಿದ್ದರೂ ‘ರೂಟರ್ ಇದೆಯಾ’ ಅಂತ ಕೇಳುತ್ತವೆ. ಐಪಿ ವಿಳಾಸದಿಂದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಹುಡುಕುವ ಎಆರ್‌ಪಿಯನ್ನಂತೂ ಮುಟ್ಟಬಾರದು. ಅದು ನಿಂತರೆ ಎದುರಿನ ಯಂತ್ರದ ಮ್ಯಾಕ್ ವಿಳಾಸವೇ ಸಿಗದೆ ಹಳೆಯ ಬಗೆಯ ಐಪಿವಿ4ರಲ್ಲಿ ಪಿಂಗ್ (‘ಇದ್ದೀಯಾ’ ಅಂತ ಕೇಳುವ ಪರೀಕ್ಷೆ) ಕೂಡ ಹೋಗುವುದಿಲ್ಲ.

ಇನ್ನೊಂದು ಮಾತು. ಬರುವ ಕಡೆ ಫೈರ್‌ವಾಲ್ (ಪ್ಯಾಕೆಟ್ ತಡೆಯುವ ಬೇಲಿ) ಹಾಕಿ, ‘ಇನ್ನೂ ಕಾಣ್ತಾ ಇದೆ’ ಅಂತ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಒಳಗೆ ಬರುವುದನ್ನು ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲೇ ನೋಡುತ್ತದೆ. ನಿಲ್ಲಿಸಬೇಕಾದ್ದು ಕಳಿಸುವ ಕಡೆ.

ಹಾಗಾಗಿ ‘ತಾನಾಗಿ ಹೊರಡುವ ಪ್ಯಾಕೆಟ್’ ಅಂತ ಬರೆಸಿ. ಕೆಳಗೆ ‘ಕಳಿಸಿದ್ದು ಯಾವ ಪ್ರೋಗ್ರಾಂ ಅಂತ ಮೊದಲು ನೋಡಿ’ ಅಂತ ಒಂದು ಸಾಲು ಇರಲಿ.

ಶಿವಮೊಗ್ಗದಿಂದ:
ತುಂಬಾ ಉಪಕಾರವಾಯಿತು. ‘ತಾನಾಗಿ ಹೊರಡುವ’ ಅಂತಲೇ ಕಳಿಸುತ್ತೇನೆ. ಪ್ಯಾಕೆಟ್ಟೋ ಪೊಟ್ಟಣವೋ, ರಾತ್ರಿಯೊಳಗೆ ಹೇಳಿಬಿಡಿ.

ಸಾಗರದಿಂದ:
‘ತಾನಾಗಿ ಹೊರಡುವ’ ಚೆನ್ನಾಗಿದೆ. ‘ಹೊಟ್ಟಣ’ದ ವಾದ ನಿಲ್ಲುವುದಿಲ್ಲ. ಪುಟ್ಟ ‘ಹುಟ್ಟ’ ಆಗಿದೆಯಾ? ಅದೂ ಹೊರಗಿನದಾ? ಪೊಟ್ಟಣ ಅಂತಲೇ ಬರೆಸಿ.