ಸಹಾಯ ಬೇಕು: ಅಟ್ಲಾಂಟಾದ ಚರ್ಚಿನಲ್ಲಿ ಬಿಪಿ, ಶುಗರ್ ತಪಾಸಣೆಗೆ

ನಮಸ್ಕಾರ. ಅಟ್ಲಾಂಟಾ ಸುತ್ತಮುತ್ತ ಇರುವ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಗೆಳೆಯರಲ್ಲಿ ಒಂದು ಕೋರಿಕೆ.

ನಮ್ಮ ಮನೆ ಹತ್ತಿರದ ಕಪ್ಪು ಜನರ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಬಿಪಿ, ಶುಗರ್ ನೋಡುವ ಕೆಲಸ ಶುರುವಾಗುತ್ತಿದೆ. ನಾನೂ ಕೈಜೋಡಿಸಿದ್ದೇನೆ. ಅಮೆರಿಕದ ಕಪ್ಪು ಜನರಲ್ಲಿ ಬಿಪಿ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೇ ಬರುತ್ತದೆ. ಆದರೂ ಎಷ್ಟೋ ಜನ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಇನ್ಶೂರೆನ್ಸ್ ಇಲ್ಲದಿರುವುದು ಒಂದು ಕಾರಣ. ಇನ್ನೊಂದು, ನಂಬಿಕೆ ಇಲ್ಲ. ಪಕ್ಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ನೂರಾರು ಕಪ್ಪು ಗಂಡಸರಿಗೆ ಸರ್ಕಾರಿ ಡಾಕ್ಟರುಗಳು ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತರು. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ! ಅಂಥವರನ್ನು ಹೇಗೆ ನಂಬುತ್ತಾರೆ, ಹೇಳಿ? ಪಾದ್ರಿಯ ಮಾತು ಮಾತ್ರ ನಡೆಯುತ್ತದೆ. ಅದಕ್ಕೇ ಅವರೇ ಮೊದಲು ತೋಳು ಚಾಚಲು ಒಪ್ಪಿದ್ದಾರೆ.

ಈಗ ಬೇಕಾಗಿರುವುದು ಇಷ್ಟು. ದೊಡ್ಡ ಸೈಜಿನ ಬಿಪಿ ಕಫ್ (ತೋಳಿಗೆ ಕಟ್ಟುವ ಪಟ್ಟಿ) ಯಾರ ಹತ್ತಿರವಾದರೂ ಇದೆಯಾ? ದಪ್ಪ ತೋಳಿಗೆ ಚಿಕ್ಕದನ್ನು ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. 180/120 ದಾಟಿದವರನ್ನು ಅಲ್ಲೇ ಮಾತಾಡಿಸಿ ಮುಂದಕ್ಕೆ ಕಳಿಸಲು ಲೈಸೆನ್ಸ್ ಇರುವ ಒಬ್ಬರು ಬೇಕು. ಇನ್ಶೂರೆನ್ಸ್ ಇಲ್ಲದವರಿಗೆ ಆದಾಯ ನೋಡಿ ಫೀಸ್ ತೆಗೆದುಕೊಳ್ಳುವ ಕ್ಲಿನಿಕ್‌ಗಳಲ್ಲಿ ಯಾವುದು ಬೇಗ ಅಪಾಯಿಂಟ್‌ಮೆಂಟ್ ಕೊಡುತ್ತದೆ, ತಿಳಿಸಿ. ಬರೀ ನಂಬರ್ ಬರೆದುಕೊಟ್ಟು ಕಳಿಸಿದರೆ ಏನು ಪ್ರಯೋಜನ, ಅಲ್ವಾ?

ಇಂಥ ಶಿಬಿರ ಮಾಡಿದ ಅನುಭವ ಇದ್ದವರು ದಯವಿಟ್ಟು ಇಲ್ಲೇ ಬರೆಯಿರಿ. ಭಾಷಣ ಮಾಡುವವರು ಈಗಾಗಲೇ ಸಾಕಷ್ಟಿದ್ದಾರೆ!