ಪೋರ್ಟ್‌ಲೆಂಡಿನ ಹೆಸರಿನಲ್ಲಿ ಉದ್ರಿ ಮಿರ್ಚಿ ಭಜಿ

“ಈ ಹುಡುಗ ಸ್ಟಾರ್ ಆಗಿಯೇ ಆಗುತ್ತಾನೆ, ಬೇಕಾದರೆ ಬರೆದಿಟ್ಟುಕೊಳ್ಳಿ,” ಎಂದು ರಾಜಣ್ಣ ಸುಸ್ಲಾ ತಟ್ಟೆಗಳ ನಡುವೆ ಫೋನನ್ನು ಒರಗಿಸಿ ನಿಲ್ಲಿಸಿದಾಗ, ಹೋಟೆಲಿನ ಯಜಮಾನರು ನಿಜವಾಗಿಯೂ ಗಲ್ಲೆಯ ಕೆಳಗಿನಿಂದ ಉದ್ರಿ ಪುಸ್ತಕವನ್ನು ಹೊರತೆಗೆದರು.

“ಬರೆಯುವುದಕ್ಕೆ ಹಾಳೆ ಉಳಿದಿದೆಯೇ ಎಂದು ಮೊದಲು ನೋಡಿ,” ಎಂದರು ಸಿದ್ರಾಮಣ್ಣ.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲಿನಲ್ಲಿ ಮುಂದೆ ಯಾರು ಮೆರೆಯುತ್ತಾರೆ ಎಂಬುದನ್ನು ರಾಜಣ್ಣ ವಾರಕ್ಕೊಮ್ಮೆ ಘೋಷಿಸುತ್ತಾನೆ, ಸಿದ್ರಾಮಣ್ಣ ಒಪ್ಪುವುದಿಲ್ಲ, ಒಂದು ಪ್ಲೇಟು ಮಿರ್ಚಿ ಭಜಿಯ ಪಂಥ ಬೀಳುತ್ತದೆ. ಭಜಿಯನ್ನು ಎಲ್ಲರೂ ಬಿಸಿ ಆರುವ ಮೊದಲೇ ತಿಂದು ಮುಗಿಸುತ್ತಾರೆ. ದುಡ್ಡು ಯಾರು ಕೊಡಬೇಕೆಂಬುದು ಮಾತ್ರ ಆ ಹುಡುಗ ಸ್ಟಾರ್ ಆದ ಮೇಲೆಯೋ, ಆಗದೆ ಮನೆಗೆ ಹೋದ ಮೇಲೆಯೋ ತೀರ್ಮಾನವಾಗಬೇಕು. ಹೀಗಾಗಿ ಕಲಬುರಗಿಯ ಜಗತ್ ವೃತ್ತದ ಬಳಿಯ ಆ ಪುಸ್ತಕದಲ್ಲಿ, ಮಿರ್ಚಿ ಭಜಿಯನ್ನು ಕಣ್ಣಿನಿಂದಲೂ ಕಂಡಿರದ ಅಮೆರಿಕದ ಹುಡುಗರ ಹೆಸರಿನಲ್ಲಿ ಪುಟಗಟ್ಟಲೆ ಬಾಕಿ ನಿಂತಿದೆ.

“ಭಜಿ ನಿಮ್ಮ ಹೊಟ್ಟೆಯಲ್ಲಿದೆ, ಬಿಲ್ಲು ಪೋರ್ಟ್‌ಲೆಂಡಿನಲ್ಲಿದೆ,” ಎಂದರು ಯಜಮಾನರು. “ಹೆಸರು ಹೇಳಿ.”

“ಸ್ಕೂಟ್ ಹೆಂಡರ್ಸನ್. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2023ರಲ್ಲಿ ಮೂರನೆಯವನಾಗಿ ಆಯ್ಕೆಯಾದವನು. ಗಾರ್ಡ್, ಅಂದರೆ ಚೆಂಡನ್ನು ಮುಂದೆ ಒಯ್ದು ಆಟ ಕಟ್ಟುವವನು. ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್ ತಂಡ. ಹದಿನೇಳನೆಯ ವಯಸ್ಸಿಗೇ ಕಾಲೇಜನ್ನು ಬದಿಗಿಟ್ಟು ವೃತ್ತಿಪರ ಆಟಕ್ಕೆ ಇಳಿದವನು. ಈ ಡಂಕ್ ಒಂದನ್ನು ನೋಡಿ, ಆಮೇಲೆ ಮಾತನಾಡಿ.”

ಎಲ್ಲರೂ ನೋಡಿದರು. ಮೂವತ್ತು ಸೆಕೆಂಡುಗಳಲ್ಲಿ ಹುಡುಗ ಮೂವರನ್ನು ದಾಟಿ, ಹಾರಿ, ಚೆಂಡನ್ನು ರಿಂಗಿನೊಳಗೆ ಬಡಿದು, ಕೂಗಿದ. ಹಿನ್ನೆಲೆಯಲ್ಲಿ ಯಾವುದೋ ಡೋಲು ಬಾರಿಸುತ್ತಿತ್ತು. ಗೌಡರಿಗೆ ರೋಮಾಂಚನವಾಗಿ ಇನ್ನೊಮ್ಮೆ ಹಚ್ಚಲು ಹೇಳಿದರು.

“ಚೆನ್ನಾಗಿದೆ,” ಎಂದರು ಸಿದ್ರಾಮಣ್ಣ. “ಇದರ ಹಿಂದಿನ ಮೂವತ್ತು ಸೆಕೆಂಡುಗಳಲ್ಲಿ ಏನಾಯಿತು?”

“ಅದು ಇದರಲ್ಲಿ ಇಲ್ಲ.”

“ಮುಂದಿನ ಮೂವತ್ತರಲ್ಲಿ?”

“ಅದೂ ಇಲ್ಲ. ಆದರೆ ಇಷ್ಟು ಸಾಕು, ಅಣ್ಣ. ಇವತ್ತು ಜಗತ್ತೆಲ್ಲ ಹೀಗೆಯೇ ನೋಡುತ್ತದೆ.”

“ಜಗತ್ತೆಲ್ಲ ಹೀಗೆಯೇ ನೋಡುತ್ತದೆ ಎಂಬುದೇ ನನ್ನ ತಕರಾರು. ನಲವತ್ತೆಂಟು ನಿಮಿಷದ ಆಟದಲ್ಲಿ ಅರ್ಧ ನಿಮಿಷವನ್ನು ಕತ್ತರಿಸಿ, ಅದಕ್ಕೆ ಡೋಲು ಕಟ್ಟಿ, ಹತ್ತೊಂಬತ್ತು ವರ್ಷದ ಹುಡುಗನ ಮುಂದಿನ ಹದಿನೈದು ವರ್ಷಗಳಿಗೆ ತೀರ್ಪು ಬರೆದುಬಿಡುವ ಈ ಚಟ ಎಲ್ಲಿಂದ ಬಂತೋ ನನಗೆ ತಿಳಿಯದು. ಮೊದಲೆಲ್ಲ ಆಟ ಮುಗಿದ ಮೇಲೆ ಜನ ಆಟದ ಮಾತನಾಡುತ್ತಿದ್ದರು. ಈಗ ಆಟ ಶುರುವಾಗುವ ಮೊದಲೇ ಆಟಗಾರನ ಮಾತು ಮುಗಿದಿರುತ್ತದೆ.”

ವಕೀಲರು ಇಲ್ಲಿ ಬಾಯಿ ಹಾಕದೆ ಇರುವುದು ಸಾಧ್ಯವಿರಲಿಲ್ಲ. “ಪಂಥದ ಮೂಲ ಷರತ್ತೇ ಅಸ್ಪಷ್ಟವಾಗಿದೆ. ಸ್ಟಾರ್ ಎಂದರೆ ಯಾರು? ವ್ಯಾಖ್ಯೆ ಇಲ್ಲದ ಕರಾರು ನಿಲ್ಲುವುದಿಲ್ಲ.”

“ವರ್ಷದ ಮೇಲುಗೈ ಆಟಗಾರರೆಲ್ಲ ಸೇರಿ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಒಮ್ಮೆ ಆಯ್ಕೆಯಾದರೆ ಸಾಕು,” ಎಂದ ರಾಜಣ್ಣ ಉದಾರವಾಗಿ.

“ಒಮ್ಮೆ ಎಂದರೆ ಸುಲಭವೆಂದುಕೊಂಡೆಯಾ?” ಎಂದರು ಸಿದ್ರಾಮಣ್ಣ. “ತಂಡಗಳು 30. ಆಲ್-ಸ್ಟಾರ್‌ಗೆ ವರ್ಷಕ್ಕೆ ಆರಿಸುವುದು 24 ಮಂದಿಯನ್ನು. ಮನೆಗೊಬ್ಬರಂತೆ ಹಂಚಿದರೂ ಆರು ಮನೆಗಳು ಖಾಲಿ ಉಳಿಯುತ್ತವೆ, ಹಂಚುವವರು ಹಾಗೆ ಹಂಚುವುದೂ ಇಲ್ಲ. ಡ್ರಾಫ್ಟ್‌ನಲ್ಲಿ ಮಾತ್ರ ಪ್ರತಿ ವರ್ಷ ಸುಮಾರು 60 ಹೊಸಬರು ಬರುತ್ತಾರೆ, ಅವರಲ್ಲಿ ಒಬ್ಬೊಬ್ಬನಿಗೂ ನಿನ್ನಂಥ ರಾಜಣ್ಣಂದಿರು ಲಕ್ಷಗಟ್ಟಲೆ ಇರುತ್ತಾರೆ.”

“ಎತ್ತರ ಎಷ್ಟಿದ್ದಾನೆ?” ಎಂದು ಗೌಡರು ಕೇಳಿದರು. ಯಾವ ವಿಷಯವಾದರೂ ಗೌಡರು ಮೊದಲು ಕೇಳುವುದು ಅದನ್ನೇ.

“ಗಾರ್ಡ್‌ಗೆ ಎತ್ತರವೇ ಎಲ್ಲವೂ ಅಲ್ಲ, ಗೌಡರೇ. ಮಗ್ಸಿ ಬೋಗ್ಸ್ ಎಂಬುವನು ಐದು ಅಡಿ ಮೂರು ಅಂಗುಲ ಇದ್ದುಕೊಂಡು ಎನ್‌ಬಿಎಯಲ್ಲಿ 14 ಋತುಗಳನ್ನು ಆಡಿದ.”

ಗೌಡರು ತಮ್ಮ ಎತ್ತರವನ್ನು ಮನಸ್ಸಿನಲ್ಲೇ ಅಳೆದುಕೊಂಡು, ಜನ್ಮದಲ್ಲಿ ಒಂದು ಅವಕಾಶ ತಪ್ಪಿತೆಂಬ ಮುಖ ಮಾಡಿ ಸುಮ್ಮನಾದರು.

ರಾಜಣ್ಣ ಸೋಲುವವನಲ್ಲ. ಅವನು ಅಂಕಿಗಳನ್ನು ತೆಗೆದ. ಮೊದಲ ಋತುವಿನಲ್ಲಿ ಹುಡುಗನ ಸರಾಸರಿ ಪಂದ್ಯಕ್ಕೆ 14 ಅಂಕ. ಆದರೆ ಎರಡನೆಯ ಋತುವನ್ನು ಓದುವಾಗ ಅವನ ಧ್ವನಿ ತಗ್ಗಿತು, ಏಕೆಂದರೆ ಅಲ್ಲಿ ಇದ್ದದ್ದು 12.7. ವಕೀಲರು ತಕ್ಷಣ, ಪ್ರತಿವಾದಿಯೇ ತಪ್ಪೊಪ್ಪಿಕೊಂಡಿರುವುದರಿಂದ ಹಳೆಯ ಭಜಿಯ ಹಣವನ್ನು ಈಗಲೇ ವಸೂಲು ಮಾಡಬಹುದೆಂದು ಅಭಿಪ್ರಾಯಪಟ್ಟರು. ಯಜಮಾನರು ಪೆನ್ನಿನ ಮುಚ್ಚಳ ತೆಗೆದರು.

ಎಲ್ಲರಿಗೂ ಆಶ್ಚರ್ಯವಾಗುವಂತೆ ತಡೆದವರು ಸಿದ್ರಾಮಣ್ಣನೇ. “ಮುಚ್ಚಿ ಮುಚ್ಚಳ. ಅಂಕ ಇಳಿಯಿತು, ನಿಜ. ಆದರೆ ಮೂರು ಅಂಕದ ದೂರದ ಹೊಡೆತವನ್ನು ನೋಡಿ. ಮೊದಲ ವರ್ಷ ನೂರಕ್ಕೆ 32.5 ಬೀಳುತ್ತಿದ್ದದ್ದು ಎರಡನೆಯ ವರ್ಷ 35.4 ಆಯಿತು. ನನ್ನ ಮಟ್ಟಿಗೆ ಅಂಕದ ಇಳಿತಕ್ಕಿಂತ ಈ ಏರಿಕೆ ದೊಡ್ಡದು. ಏಕೆ ಎಂದು ಹೇಳುತ್ತೇನೆ, ಭಜಿ ಬರಲಿ.”

ಭಜಿ ಬಂತು. ಇದು ಯಾರ ಖಾತೆಗೆ ಎಂದು ಯಾರೂ ಹೇಳಲಿಲ್ಲ.

ಸಿದ್ರಾಮಣ್ಣ ಮೇಜಿನ ಮೇಲೆ ಚಟ್ನಿಯ ಬಟ್ಟಲನ್ನು ರಿಂಗ್ ಎಂದು ಇಟ್ಟರು, ನೀರಿನ ಲೋಟವನ್ನು ಗಾರ್ಡ್ ಎಂದು ಹಿಡಿದರು, ಗೌಡರ ಚಾಳೀಸಿನ ಡಬ್ಬಿಯನ್ನು ಗಾರ್ಡ್‌ನ ಎದುರಾಳಿ ಮಾಡಿದರು, ಒಂದು ದಪ್ಪ ಮಿರ್ಚಿಯನ್ನು ಗಾರ್ಡ್‌ನ ಕಡೆಯ ಎತ್ತರದ ಆಟಗಾರನನ್ನಾಗಿ ಅಡ್ಡ ನಿಲ್ಲಿಸಿದರು. “ಇದಕ್ಕೆ ಪಿಕ್ ಅಂಡ್ ರೋಲ್ ಎನ್ನುತ್ತಾರೆ. ಮಿರ್ಚಿ ಅಡ್ಡ ನಿಂತಿದೆ, ಚಾಳೀಸು ಅದಕ್ಕೆ ಡಿಕ್ಕಿ ಹೊಡೆಯಬೇಕು, ಅಷ್ಟರಲ್ಲಿ ಲೋಟ ಪಕ್ಕದಿಂದ ನುಸುಳಬೇಕು. ಆದರೆ ಈ ಲೋಟಕ್ಕೆ ದೂರದಿಂದ ಹೊಡೆಯುವುದು ಬಾರದು ಎಂದು ತಿಳಿದಿದ್ದರೆ ಚಾಳೀಸು ಏಕೆ ಡಿಕ್ಕಿ ಹೊಡೆದೀತು? ಮಿರ್ಚಿಯ ಹಿಂದಿನಿಂದ ಆರಾಮವಾಗಿ ಸುತ್ತಿಕೊಂಡು ಬಂದು ಬಟ್ಟಲಿನ ಮುಂದೆ ಕಾಯುತ್ತಾ ನಿಲ್ಲುತ್ತದೆ. ದೂರದ ಹೊಡೆತ ಬೀಳತೊಡಗಿದರೆ ಅದೇ ಚಾಳೀಸು ಮೈಮೇಲೆ ಬರಲೇಬೇಕು, ಆಗಲೇ ದಾರಿ ಬಿಡುವುದು. ಆ ದಾರಿಯಲ್ಲಿ ಒಂದು ಸೆಕೆಂಡಿನೊಳಗೆ ತಾನೇ ಹೊಡೆಯಬೇಕೋ, ಉರುಳಿ ಬರುವ ಮಿರ್ಚಿಗೆ ಕೊಡಬೇಕೋ, ಮೂಲೆಯಲ್ಲಿ ಖಾಲಿ ನಿಂತಿರುವ ಗೆಳೆಯನನ್ನು ಹುಡುಕಬೇಕೋ ಎಂದು ನಿರ್ಧರಿಸಬೇಕು. ಹುಡುಗರು ಇದನ್ನೆಲ್ಲ ಒಂದೇ ವೇಗದಲ್ಲಿ, ಬಹಳ ವೇಗದಲ್ಲಿ ಮಾಡಲು ಹೋಗುತ್ತಾರೆ. ಮೊದಲ ವರ್ಷ ಇವನು ಪಂದ್ಯಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ಚೆಂಡನ್ನು ಎದುರಾಳಿಗೆ ದಾನ ಮಾಡಿದ. ಯಾವಾಗ ನಿಧಾನಿಸಬೇಕು ಎಂಬುದು ಹದಿನೆಂಟಕ್ಕೆ ಬರುವ ವಿದ್ಯೆಯಲ್ಲ, ಅದು ಮೂವತ್ತು ಸೆಕೆಂಡಿನಲ್ಲಿ ಕಾಣುವುದೂ ಇಲ್ಲ.”

ಅಷ್ಟರಲ್ಲಿ ಗೌಡರು ಮೈಮರೆತು ಎತ್ತರದ ಆಟಗಾರನನ್ನು ತಿಂದುಬಿಟ್ಟಿದ್ದರಿಂದ ವಿವರಣೆ ಅಲ್ಲಿಗೆ ನಿಂತಿತು.

“ಹಾಗಾದರೆ ನೀವೂ ಅವನು ಸ್ಟಾರ್ ಆಗುತ್ತಾನೆ ಎನ್ನುತ್ತೀರಿ!” ಎಂದು ರಾಜಣ್ಣ ಕುಣಿದ.

“ನಾನು ಹಾಗೆಂದೆನೇ? ಗಂಜಿನಲ್ಲಿ ಅಡತಿ ಅಂಗಡಿ ಇಟ್ಟುಕೊಂಡವನು ನಾನು, ತೊಗರಿಯ ಮಾತು ಹೇಳುತ್ತೇನೆ ಕೇಳು. ಮುಂಗಾರಿಗೆ ಹೆಸರು, ತೊಗರಿ ಎರಡನ್ನೂ ಸಾಲು ಸಾಲಾಗಿ ಬಿತ್ತುತ್ತೇವೆ. ಎರಡು ತಿಂಗಳು ದಾಟುವಷ್ಟರಲ್ಲಿ ಹೆಸರು ಕಾಯಿ ಬಿಟ್ಟು ರಾಶಿಯಾಗಿ ಪೇಟೆಗೂ ಬಂದಿರುತ್ತದೆ. ತೊಗರಿ ಆಗಿನ್ನೂ ಎಳೆಯದು, ಹೂವಿನ ಸುಳಿವಿರುವುದಿಲ್ಲ. ಅಂದು ಹೊಲದ ಬದುವಿನಲ್ಲಿ ನಿಂತು ವೀಡಿಯೋ ತೆಗೆದರೆ ಹೆಸರೇ ಸ್ಟಾರ್. ತೊಗರಿಯ ರಾಶಿಗೆ ಚಳಿಗಾಲ ಬರಬೇಕು. ಆದರೆ ಇಷ್ಟು ಕೇಳಿ, ಕಾದವರಿಗೆಲ್ಲ ತೊಗರಿ ಸಿಗುತ್ತದೆ ಎಂದೂ ತಿಳಿಯಬೇಡ. ನೆಟೆ ರೋಗ ಬಂದರೆ ಹೂವಿನ ಹೊತ್ತಿಗೆ ನಿಂತ ನಿಲುವಿನಲ್ಲೇ ಒಣಗುತ್ತದೆ.”

“ಉದಾಹರಣೆ ಕೊಡಿ,” ಎಂದರು ವಕೀಲರು. “ತೊಗರಿಯದಲ್ಲ, ಗಾರ್ಡ್‌ಗಳದು.”

“2009ರ ಡ್ರಾಫ್ಟ್. ಮಿನೆಸೋಟ ತಂಡ ಐದನೆಯ ಮತ್ತು ಆರನೆಯ ಸರದಿಯಲ್ಲಿ ಇಬ್ಬರು ಗಾರ್ಡ್‌ಗಳನ್ನು ಆರಿಸಿತು: ರಿಕಿ ರುಬಿಯೋ, ಜಾನಿ ಫ್ಲಿನ್. ಏಳನೆಯವನಾಗಿ ಉಳಿದುಹೋದವನು ಸ್ಟೀಫನ್ ಕರ್ರಿ. ಫ್ಲಿನ್ ಮೊದಲ ವರ್ಷ ಸರಾಸರಿ 13.5 ಅಂಕ ಹೊಡೆದ. ಸೊಂಟದ ಶಸ್ತ್ರಚಿಕಿತ್ಸೆಯಾಯಿತು, ಮೂರು ಋತುಗಳಲ್ಲಿ ಎನ್‌ಬಿಎ ಮುಗಿಯಿತು. ಕರ್ರಿಯ ಪಾದದ ಕೀಲೂ ಗಟ್ಟಿಯಿರಲಿಲ್ಲ, 2011-12ರಲ್ಲಿ ಅವನು ಆಡಿದ್ದು 26 ಪಂದ್ಯಗಳನ್ನು ಮಾತ್ರ. ಅಂದು ರಾಜಣ್ಣನಿಗೆ ಫೋನು ಸಿಕ್ಕಿದ್ದರೆ ಕರ್ರಿಯ ಕಥೆ ಮುಗಿಯಿತು ಎಂದು ಎರಡು ಪ್ಲೇಟು ಕಟ್ಟುತ್ತಿದ್ದ. 2015, 2016ರಲ್ಲಿ ಎಂವಿಪಿ, ಅಂದರೆ ಋತುವಿನ ಅತ್ಯುತ್ತಮ ಆಟಗಾರ ಆದವನು ಅದೇ ಮನುಷ್ಯ. ಇನ್ನು ಹೆಂಡರ್ಸನ್‌ನ ಮೊದಲ ಎರಡು ಋತುಗಳಲ್ಲಿ ಅವನ ಕೋಚ್ ಆಗಿದ್ದ ಚಾನ್ಸಿ ಬಿಲಪ್ಸ್. ಅವನೂ ಮೂರನೆಯವನಾಗಿಯೇ 1997ರಲ್ಲಿ ಬಾಸ್ಟನ್‌ಗೆ ಬಂದವನು. ಮೊದಲ ಋತು ಮುಗಿಯುವ ಮೊದಲೇ ಬಾಸ್ಟನ್ ಅವನನ್ನು ಸಾಗಹಾಕಿತು. ಊರೂರು ತಿರುಗಿ 2002ರಲ್ಲಿ ಡೆಟ್ರಾಯಿಟ್ ಸೇರಿ, 2004ರ ಫೈನಲ್ಸ್‌ನಲ್ಲಿ ಲೇಕರ್ಸ್ ತಂಡವನ್ನು 4-1ರಿಂದ ಕೆಡವಿದಾಗ ಶ್ರೇಷ್ಠ ಆಟಗಾರನಾದವನು ಅವನೇ.”

“ಅಂದರೆ ಎಲ್ಲರೂ ಕಡೆಗೆ ಆಗುತ್ತಾರೆ,” ಎಂದರು ಗೌಡರು ಸಮಾಧಾನದಿಂದ.

“ಇಲ್ಲ, ಗೌಡರೇ. 2017ರಲ್ಲಿ ಮೊದಲನೆಯವನಾಗಿಯೇ ಆಯ್ಕೆಯಾದ ಮಾರ್ಕೆಲ್ ಫುಲ್ಟ್ಸ್‌ಗೆ ಭುಜದ ನರಗಳ ತೊಂದರೆಯಾಗಿ, ಚೆಂಡು ಎಸೆಯುವ ಕೈಯೇ ಮರೆತುಹೋದಂತಾಯಿತು. ಅವನದು ಸೋಮಾರಿತನವಲ್ಲ, ಅಹಂಕಾರವೂ ಅಲ್ಲ. ಅವನ ಹಳೆಯ ವೀಡಿಯೋಗಳು ಈಗಲೂ ಅಷ್ಟೇ ಚೆನ್ನಾಗಿವೆ, ಡೋಲೂ ಹಾಗೆಯೇ ಬಾರಿಸುತ್ತದೆ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ವಕೀಲರು, ಎಂದೂ ಇಲ್ಲದ ಹಾಗೆ ಪೀಠಿಕೆಯಿಲ್ಲದೆ, “ನಾನು ಗಾರ್ಡ್ ಆಡುತ್ತಿದ್ದೆ,” ಎಂದರು.

“ಎಲ್ಲಿ?”

“ಕಾಲೇಜಿನಲ್ಲಿ. ಮಣ್ಣಿನ ಅಂಗಳ, ಸುಣ್ಣದ ಗೆರೆ, ಬಲೆಯಿಲ್ಲದ ರಿಂಗ್. ಏಪ್ರಿಲ್ ಬಿಸಿಲಿಗೆ ಆ ರಿಂಗ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಮುಟ್ಟುವಷ್ಟು ಎತ್ತರ ನಮ್ಮಲ್ಲಿ ಯಾರಿಗೂ ಇರಲಿಲ್ಲ ಎಂಬುದು ಬೇರೆ ಮಾತು. ಚೆಂಡಿನ ಹರಳೆಲ್ಲ ಸವೆದು ಬೋಳಾಗಿತ್ತು, ಎಡಗೈಯಲ್ಲಿ ಹಿಡಿದರೆ ಜಾರುತ್ತಿತ್ತು, ಆದ್ದರಿಂದ ಎಡಗೈಯಲ್ಲೇ ಹೆಚ್ಚು ಅಭ್ಯಾಸ ಮಾಡುತ್ತಿದ್ದೆ. ರಾಜಣ್ಣನನ್ನು ನೀವು ಇಷ್ಟು ಬೈಯುತ್ತೀರಿ. ನನ್ನನ್ನು ಸ್ಟಾರ್ ಆಗುತ್ತಾನೆ ಎನ್ನುವವರಿರಲಿ, ಇವನಿಂದ ಆಗದು ಎಂದು ಹೇಳುವುದಕ್ಕೂ ಯಾರೊಬ್ಬರೂ ಬಂದು ನಿಂತು ನೋಡಲಿಲ್ಲ. ಒಂದು ದಿನ ಪರೀಕ್ಷೆ ಬಂತು, ಆಟ ನಿಂತಿತು, ಅಷ್ಟೆ.”

ಯಜಮಾನರು ಉದ್ರಿ ಪುಸ್ತಕದಲ್ಲಿ ಏನನ್ನೋ ಬರೆದದ್ದನ್ನು ಕಂಡು ಗೌಡರು ಬಗ್ಗಿ ನೋಡಿದರು. ವಕೀಲರ ಹೆಸರಿನಲ್ಲಿ ಒಂದು ಪ್ಲೇಟು ಭಜಿ. ಮುಂದೆ ಆವರಣದಲ್ಲಿ, ‘ಎಡಗೈ’ ಎಂದಿತ್ತು.

“ಇದು ಯಾವಾಗ ತೀರ್ಮಾನವಾಗುತ್ತದೆ?” ಎಂದು ವಕೀಲರು ಕೇಳಿದರು.

“ನಿಮಗೆ ವಯಸ್ಸು ಇನ್ನೂ ಐವತ್ತೆಂಟು,” ಎಂದರು ಯಜಮಾನರು.

ಎಲ್ಲರಿಗಿಂತ ಜೋರಾಗಿ ನಕ್ಕವರು ವಕೀಲರು. ಆದರೆ ಅವರ ಎಡಗೈ ಮೇಜಿನ ಅಂಚಿನ ಕೆಳಗೆ ಏನನ್ನೋ ಮೆಲ್ಲಗೆ ತಟ್ಟುತ್ತಿತ್ತು.

ಸಿದ್ರಾಮಣ್ಣ ಒಂದು ಸಲಹೆ ಮುಂದಿಟ್ಟರು. ಇನ್ನು ಮುಂದೆ ಯಾವ ಹುಡುಗನ ಮೇಲೆ ಪಂಥ ಕಟ್ಟಬೇಕಾದರೂ, ಅವನ ಒಂದು ಪೂರ್ತಿ ಪಂದ್ಯವನ್ನು, ಅವನು ಬೆಂಚಿನ ಮೇಲೆ ಕುಳಿತಿರುವ ಹೊತ್ತೂ ಸೇರಿ, ಗೌಡರ ಮನೆಯ ಟೀವಿಯಲ್ಲಿ ಎಲ್ಲರೂ ಕೂಡಿ ನೋಡತಕ್ಕದ್ದು. ಸಲಹೆ ಎಲ್ಲರಿಗೂ ಒಪ್ಪಿಗೆಯಾಯಿತು. ವೇಳೆಯೇ ಯಾರಿಗೂ ಒಪ್ಪಿಗೆಯಾಗಲಿಲ್ಲ. ಪೋರ್ಟ್‌ಲೆಂಡಿನಲ್ಲಿ ಸಂಜೆ ಏಳು ಎಂದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಎಂಟೂವರೆ. ಆ ಹೊತ್ತಿಗೆ ಗೌಡರ ಮನೆಯಲ್ಲಿ ಪೂಜೆ, ವಕೀಲರಿಗೆ ಕಕ್ಷಿದಾರರು, ಹೋಟೆಲಿನಲ್ಲಿ ನಾಷ್ಟಾದ ಗದ್ದಲ, ಸಿದ್ರಾಮಣ್ಣನಿಗೆ ಗಂಜು. ಕೊನೆಗೆ ಒಂದು ಭಾನುವಾರ ಗೊತ್ತಾಯಿತು.

“ಪೂರ್ತಿ ಪಂದ್ಯ ಎಷ್ಟು ಹೊತ್ತು ನಡೆಯುತ್ತದೆ?” ಎಂದು ರಾಜಣ್ಣ ಕೇಳಿದ. ಆಗಲೇ ತಿಳಿದದ್ದು, ಅವನು ಈವರೆಗೆ ಒಂದನ್ನೂ ಪೂರ್ತಿ ನೋಡಿರಲಿಲ್ಲ.

“ಎರಡು ಗಂಟೆಗಿಂತ ಮೇಲೆ.”

“ಹಾಗಾದರೆ ನಾನು ಆಮೇಲೆ ಮನೆಯಲ್ಲೇ ಎರಡು ಪಟ್ಟು ವೇಗದಲ್ಲಿ ನೋಡಿಕೊಂಡರೆ ನಡೆಯುತ್ತದೆಯೇ?”

“ಆ ಹುಡುಗನಿಗೆ ಮೊದಲ ವರ್ಷ ಇದ್ದ ಕಾಯಿಲೆಯೂ ಇದೇ,” ಎಂದರು ಸಿದ್ರಾಮಣ್ಣ.