ತಪ್ಪು ಡೇಟಾ ಕೊಟ್ಟರೂ ರೀಸನರ್ ಸುಮ್ಮನಿದೆ, ಯಾಕೆ?

ಪುಸ್ತಕದಹುಳ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರೋ ಪುಸ್ತಕಗಳ ಪಟ್ಟಿಯನ್ನು ಆರ್‌ಡಿಎಫ್‌ಗೆ (ಮಾಹಿತಿಯನ್ನು ಸಣ್ಣ ಸಣ್ಣ ಹೇಳಿಕೆಗಳಾಗಿ ಬರೆಯೋ ರೂಪ) ತಂದು, ಪ್ರೊಟೆಜೆ ಅನ್ನೋ ತಂತ್ರಾಂಶದಲ್ಲಿ ಚಿಕ್ಕ ಆಂಟಾಲಜಿ (ವರ್ಗ, ಸಂಬಂಧ, ನಿಯಮಗಳ ವಿವರಣೆ) ಕಟ್ಟಿದ್ದೇನೆ. ಪ್ರತಿ ಪುಸ್ತಕಕ್ಕೂ ಕನಿಷ್ಠ ಒಬ್ಬ ಲೇಖಕರು ಬೇಕು, ಪ್ರಕಾಶಕರು ಒಬ್ಬರೇ ಇರಬೇಕು (ಫಂಕ್ಷನಲ್ ಪ್ರಾಪರ್ಟಿ). ಪರೀಕ್ಷೆಗೆ ಬೇಕಂತಲೇ ಮೂರು ತಪ್ಪು ಸೇರಿಸಿದೆ. ಒಂದಕ್ಕೆ ಲೇಖಕರಿಲ್ಲ, ಒಂದಕ್ಕೆ ಇಬ್ಬರು ಪ್ರಕಾಶಕರು, ಇನ್ನೊಂದಕ್ಕೆ ಲೇಖಕರ ಜಾಗದಲ್ಲಿ "ಮೈಸೂರು". ಹರ್ಮಿಟ್ ಅನ್ನೋ ರೀಸನರ್ (ನಿಯಮಗಳಿಂದ ತರ್ಕ ಮಾಡೋ ತಂತ್ರಾಂಶ) ಓಡಿಸಿದರೆ ತುಟಿ ಪಿಟಕ್ ಅನ್ನಲಿಲ್ಲ. ಪೆಲೆಟ್ಟೂ ಅಷ್ಟೇ. ಏನು ತಪ್ಪು ಮಾಡ್ತಿದ್ದೀನಿ?

ತರ್ಲೆತರ್ಕ:
ನಿಮ್ಮದೂ ತಪ್ಪಿಲ್ಲ, ಅದರದ್ದೂ ತಪ್ಪಿಲ್ಲ. ಆಂಟಾಲಜಿ ಬರೆಯೋ ಭಾಷೆ ಔಲ್‌ನಲ್ಲಿ ಓಪನ್ ವರ್ಲ್ಡ್ ಲೆಕ್ಕ. ಬರೆಯದೇ ಇದ್ದದ್ದು "ಇಲ್ಲ" ಅಂತಲ್ಲ, "ಇನ್ನೂ ಗೊತ್ತಿಲ್ಲ" ಅಂತ. ಲೇಖಕರು ಎಲ್ಲೋ ಇದ್ದಾರೆ, ಹೆಸರು ಬಂದಿಲ್ಲ ಅಷ್ಟೇ ಅಂದುಕೊಳ್ಳುತ್ತದೆ.

ಪ್ರಕಾಶಕರದ್ದು ಇನ್ನೂ ಮಜಾ. ಹೆಸರು ಎರಡಿದ್ದರೆ ಆಸಾಮಿಗಳೂ ಇಬ್ಬರೇ ಅಂತ ಔಲ್ ನಂಬುವುದಿಲ್ಲ. ಒಬ್ಬರೇ ಇರಬೇಕು ಅಂತ ನೀವೇ ಹೇಳಿದ್ದೀರಲ್ಲ, ಹಾಗಾಗಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿಬಿಟ್ಟಿರುತ್ತದೆ. ಆ ಪ್ರಕಾಶಕರ ಮೇಲೆ ಕ್ಲಿಕ್ ಮಾಡಿ ನೋಡಿ, "ಸೇಮ್ ಇಂಡಿವಿಜುಯಲ್ ಆ್ಯಸ್" ಕೆಳಗೆ ಇನ್ನೊಬ್ಬರ ಹೆಸರು ಕಾಣಬೇಕು. ಮೈಸೂರು? ಲೇಖಕ ಪ್ರಾಪರ್ಟಿಯ ರೇಂಜ್ (ಅದರ ಜಾಗದಲ್ಲಿ ಬರುವುದು ಯಾವ ಕ್ಲಾಸಿಗೆ, ಅಂದರೆ ವರ್ಗಕ್ಕೆ, ಸೇರಿದ್ದು ಅನ್ನೋದು) "ಲೇಖಕ" ಅಂತ ಕೊಟ್ಟಿದ್ದೀರಿ ಅಲ್ವಾ, ಅದೂ ಈಗ ಲೇಖಕ!

ಊರು ಮತ್ತು ಲೇಖಕ ಕ್ಲಾಸುಗಳನ್ನು ಡಿಸ್‌ಜಾಯಿಂಟ್ ಮಾಡಿ, ಅಂದರೆ ಯಾವುದೂ ಎರಡಕ್ಕೂ ಸೇರುವಂತಿಲ್ಲ ಅಂತ ಹೇಳಿ. ಪ್ರಕಾಶಕರೆಲ್ಲ ಬೇರೆ ಬೇರೆ ಅಂತ ಹೇಳಿ. ಆಮೇಲೆ ರೀಸನರ್ ಕೂಗಿಕೊಳ್ಳುತ್ತದೆ. ಲೇಖಕರಿಲ್ಲದ ಪುಸ್ತಕ ಹಿಡಿಯೋಕೆ ಮಾತ್ರ ಶ್ಯಾಕಲ್ ಬೇಕು. 2017ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ತಂದ ಸ್ಟ್ಯಾಂಡರ್ಡ್ ಅದು, ಡೇಟಾ ನಿಯಮದಂತೆ ಇದೆಯಾ ಅಂತ ನೋಡೋ ಈ ಕೆಲಸಕ್ಕೇ ಇರೋದು. ಪುಸ್ತಕ ಕ್ಲಾಸಿಗೊಂದು ಶೇಪ್ (ಡೇಟಾ ಹೇಗಿರಬೇಕು ಅನ್ನೋ ನಿಯಮಗಳ ಅಚ್ಚು) ಬರೆದು, ಲೇಖಕ ಪ್ರಾಪರ್ಟಿಗೆ ಮಿನ್‌ಕೌಂಟ್ 1 (ಕನಿಷ್ಠ ಒಂದು) ಕೊಡಿ. ಶೇಪ್‌ಗಳನ್ನು ಪರೀಕ್ಷಿಸೋ ತಂತ್ರಾಂಶ ಪೈಶ್ಯಾಕಲ್‌ನಲ್ಲಿ ಓಡಿಸಿ.

ಕ್ವೆರಿಕುಮಾರ:
ಇದೊಂದಕ್ಕೇ ಆದರೆ ಆರ್‌ಡಿಎಫ್‌ನಲ್ಲಿ ಹುಡುಕೋ ಭಾಷೆ ಸ್ಪಾರ್ಕಲ್‌ನಲ್ಲಿ ನಾಟ್ ಎಗ್ಸಿಸ್ಟ್ಸ್ (ಇಂಥದ್ದು ಇಲ್ಲ ಅನ್ನೋ ಷರತ್ತು) ಹಾಕಿದರೂ ಸಾಕು.

ಪುಸ್ತಕದಹುಳ:
ಹೇಳಿದ ಹಾಗೇ ಮಾಡಿದೆ. ಪ್ರೊಟೆಜೆ "ಇನ್‌ಕನ್ಸಿಸ್ಟೆಂಟ್" (ಒಂದಕ್ಕೊಂದು ತಾಳೆಯಾಗಲ್ಲ) ಅಂತು. ಎಕ್ಸ್‌ಪ್ಲೇನ್ ಒತ್ತಿದರೆ ಮೈಸೂರು ಸಿಕ್ಕಿಬಿತ್ತು, ಪ್ರಕಾಶಕರೂ ಸಿಕ್ಕರು. ಲೇಖಕರಿಲ್ಲದ್ದನ್ನು ಪೈಶ್ಯಾಕಲ್ ಹಿಡಿಯಿತು. ಆದರೆ ಶೇಪ್‌ನಲ್ಲೂ ಕ್ಲಾಸ್ "ಲೇಖಕ" ಅಂತ ಹಾಕಿದ್ದೆ, ಅಲ್ಲಿ ಮೈಸೂರು ಆರಾಮಾಗಿ ಪಾಸ್ ಆಗ್ತಿದೆ!

ತರ್ಲೆತರ್ಕ:
ಪೈಶ್ಯಾಕಲ್‌ನಲ್ಲಿ ಇನ್ಫರೆನ್ಸ್‌ಗೆ (ಇರೋ ಮಾಹಿತಿಯಿಂದ ಹೊಸದನ್ನು ತರ್ಕಿಸೋ ಆಯ್ಕೆ) ಆರ್‌ಡಿಎಫ್‌ಎಸ್ (ರೇಂಜ್ ಥರದ ನಿಯಮಗಳ ಗುಂಪು) ಕೊಟ್ಟಿದ್ದೀರಾ? ಹಾಗಿದ್ದರೆ ಅದು ಮೊದಲು ಮೈಸೂರನ್ನು ಲೇಖಕ ಮಾಡುತ್ತದೆ, ಶೇಪ್ ನೋಡೋದು ಆಮೇಲೆ. ಕಳ್ಳನಿಗೆ ಪೊಲೀಸ್ ಬಟ್ಟೆ ಹಾಕಿಸಿ ಆಮೇಲೆ ಕಳ್ಳನನ್ನು ಹುಡುಕಿದ ಹಾಗೆ. ಆ ಆಯ್ಕೆ ತೆಗೆದುಬಿಡಿ. "ಕವಿ" ಥರದ ಸಬ್‌ಕ್ಲಾಸ್‌ಗಳನ್ನು (ಲೇಖಕ ಕ್ಲಾಸಿನ ಒಳವರ್ಗಗಳನ್ನು) ಶ್ಯಾಕಲ್ ತಾನೇ ನೋಡಿಕೊಳ್ಳುತ್ತದೆ. ಆಂಟಾಲಜಿ ಫೈಲನ್ನು ಜೊತೆಗೆ ಕೊಡೋದು ಮರೀಬೇಡಿ, ಇಲ್ಲದಿದ್ದರೆ ಕವಿಗಳೆಲ್ಲ ಫೇಲ್.

ಪುಸ್ತಕದಹುಳ:
ಆಯ್ತು, ಮೈಸೂರು ಸಿಕ್ಕಿತು. ಥ್ಯಾಂಕ್ಸ್! ಜೊತೆಗೆ ನಾನು ಹಾಕದೇ ಇದ್ದ ಐದು ತಪ್ಪೂ ಸಿಕ್ಕವು, ಲೇಖಕರಿಲ್ಲ ಅಂತ. ತೆಗೆದು ನೋಡಿದರೆ ನಾಲ್ಕು ಹಳೇ ಪಂಚಾಂಗ, ಒಂದು ನಿಘಂಟು. ಈಗ ನಿಯಮವನ್ನೇ ತಿದ್ದುತ್ತಾ ಕೂತಿದ್ದೇನೆ.